ಹೃದಯ ವೈದ್ಯರ ಆಯ್ಕೆಯೂ ಒಂದು ಅಮಾನತ್

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮನೆಗಳಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಮೊದಲು ಏಳುವ ಪ್ರಶ್ನೆ ‘ಎಲ್ಲಿಗೆ ಕರೆದೊಯ್ಯುವುದು?’ ಎಂಬುದು. ಶಿವಮೊಗ್ಗಕ್ಕೋ, ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿನ ಜಯದೇವಕ್ಕೋ ಎಂದು ಬಂಧುಗಳು ಫೋನಿನಲ್ಲಿ ಚರ್ಚಿಸುತ್ತಿರುವಾಗಲೇ ಅಮೂಲ್ಯ ಸಮಯ ಕಳೆದುಹೋಗುತ್ತದೆ. ತಾಯಂದಿರ ನೋವಂತೂ ‘ಗ್ಯಾಸ್’ ಎಂಬ ಮಾತಿನಲ್ಲೇ ಮುಗಿದುಬಿಡುವುದುಂಟು.

ಸಅದ್ ಬಿನ್ ಅಬೀ ವಕ್ಕಾಸ್(ರ) ಅಸ್ವಸ್ಥರಾದಾಗ ಪ್ರವಾದಿವರ್ಯರು(ಸ) ಅವರ ಎದೆಯ ಮೇಲೆ ಕೈಯಿರಿಸಿ, ಇದು ಹೃದಯದ ಕಾಯಿಲೆಯೆಂದು ತಿಳಿಸಿ, ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದರ ಬಳಿಗೆ ಹೋಗುವಂತೆ ಸೂಚಿಸಿದರೆಂದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಹಾರಿಸ್ ಮುಸ್ಲಿಮರಾಗಿರಲಿಲ್ಲವೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅಲ್ಲಿ ಪರಿಗಣನೆಗೆ ಬಂದದ್ದು ಅವರ ವಿದ್ಯೆ. ಗಾಯಾಳುವೊಬ್ಬರ ಬಳಿಗೆ ಇಬ್ಬರು ವೈದ್ಯರು ಬಂದಾಗ, ಅವರಲ್ಲಿ ಹೆಚ್ಚು ನುರಿತವರು ಯಾರೆಂದು ಪ್ರವಾದಿವರ್ಯರು(ಸ) ವಿಚಾರಿಸಿದ ವರದಿ ಮುವತ್ತಾದಲ್ಲಿದೆ. ಆದ್ದರಿಂದ ವೈದ್ಯರ ಅರ್ಹತೆಯನ್ನು ವಿಚಾರಿಸುವುದು ಅಗೌರವವಲ್ಲ, ತವಕ್ಕುಲ್‌ಗೆ ವಿರುದ್ಧವೂ ಅಲ್ಲ.

ಆದರೆ ವಿಚಾರಿಸುವುದಕ್ಕೂ ಒಂದು ವೇಳೆಯಿದೆ. ಹೃದಯಾಘಾತವಾಗುತ್ತಿರುವಾಗ ಉತ್ತಮ ವೈದ್ಯರೆಂದರೆ ಬೇಗ ಸಿಗುವ ವೈದ್ಯರು. ಶಿವಮೊಗ್ಗ ನಮ್ಮ ಊರುಗಳಿಂದ ಸುಮಾರು 60–70 ಕಿ.ಮೀ. ದೂರವಿದೆ, ಮಳೆಗಾಲದ ಘಾಟಿರಸ್ತೆಯನ್ನು ನಂಬುವಂತಿಲ್ಲ. ರಕ್ತನಾಳ ಮುಚ್ಚಿದ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಆದುದರಿಂದ 108ಕ್ಕೆ ಕರೆ ಮಾಡಿ, ಮೊದಲು ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. 2023ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರೂಪಿಸಿದ ಹೃದಯ ಜ್ಯೋತಿ ಯೋಜನೆಯ ಆಶಯವೂ ಇದೇ: ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ನೀಡುವುದು. ದೊಡ್ಡ ಆಸ್ಪತ್ರೆಯ ಪ್ರಯಾಣ ಅದರ ನಂತರದ್ದು.

ಅಪಾಯ ಕಳೆದು, ಸ್ಟೆಂಟ್ ಅಥವಾ ಬೈಪಾಸ್ ಬೇಕೆಂದು ಹೇಳಿದಾಗ ವಿಚಾರಣೆಗೆ ಅವಕಾಶ ಒದಗುತ್ತದೆ. ಆಂಜಿಯೋಗ್ರಾಮ್ ನೋಡಿ ಸ್ಟೆಂಟ್ ಹಾಕುವವರು ಹೃದ್ರೋಗ ತಜ್ಞರು; ಬೈಪಾಸ್ ಮತ್ತು ಕವಾಟದ ಶಸ್ತ್ರಚಿಕಿತ್ಸೆ ಮಾಡುವವರು ಹೃದಯ ಶಸ್ತ್ರಚಿಕಿತ್ಸಕರು. ಮಧುಮೇಹಿಗಳಲ್ಲಿ ಹಲವು ರಕ್ತನಾಳಗಳು ಮುಚ್ಚಿದ್ದರೆ ಇಬ್ಬರ ಅಭಿಪ್ರಾಯವನ್ನೂ ಪಡೆಯುವುದು ವಿವೇಕ. ಆಂಜಿಯೋಗ್ರಾಮ್‌ನ ಸಿಡಿಯನ್ನು ಕೇಳಿ ಪಡೆದುಕೊಳ್ಳಬೇಕು. ಇಂಥ ಶಸ್ತ್ರಚಿಕಿತ್ಸೆಯನ್ನು ತಾವು ಎಷ್ಟು ಬಾರಿ ಮಾಡಿದ್ದೀರಿ, ರಾತ್ರಿ ಐಸಿಯುನಲ್ಲಿ ಯಾರಿರುತ್ತಾರೆ, ಔಷಧಿಯಿಂದಲೇ ಸಾಧ್ಯವಿಲ್ಲವೇ ಎಂದು ವಿನಯದಿಂದ ಪ್ರಶ್ನಿಸಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸಾಲ ಮಾಡುವ ಮುನ್ನ, ಆಸ್ಪತ್ರೆ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ತಿಳಿದುಕೊಳ್ಳಬೇಕು.

ಹೆತ್ತವರ ದೇಹ ನಮ್ಮ ಕೈಯಲ್ಲಿರುವ ಅಮಾನತ್. ನೋವಿನ ರಾತ್ರಿಯಲ್ಲಿ ಚರ್ಚಿಸುವುದಕ್ಕಿಂತ ಇಂದೇ ಮನೆಯವರೆಲ್ಲ ಕುಳಿತು, ಮೊದಲು ಎಲ್ಲಿಗೆ, ಯಾರ ವಾಹನದಲ್ಲಿ ಎಂದು ನಿರ್ಧರಿಸೋಣ. ಪ್ರತಿಯೊಂದು ಜಮಾಅತ್ ಕೂಡ ಈ ವಿಷಯವನ್ನು ಜುಮುಅದ ನಂತರ ಹತ್ತು ನಿಮಿಷ ತಿಳಿಸಿಕೊಡಲಿ. ಶಿಫಾ ನೀಡುವವನು ಅಲ್ಲಾಹನು. ಅದರ ದಾರಿಯನ್ನು ಹುಡುಕುವ ಹೊಣೆ ನಮ್ಮದು. ನಮ್ಮ ರೋಗಿಗಳಿಗೆಲ್ಲ ಅವನು ಆರೋಗ್ಯವನ್ನು ಅನುಗ್ರಹಿಸಲಿ. ಆಮೀನ್.