ಹೊಸ್ತಿಲಿನ ಪಟ್ಟಿ

ಬೆನ್ಸನ್ ಟೌನಿನ ಗೃಹಸ್ಥರಿಗೆ ಮಿತಿಯೆಂಬುದು ಹೊಸ ಮಾತಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿಯು 5000 ರೂಪಾಯಿ ದಂಡವನ್ನು ಗೊತ್ತುಮಾಡಿದುದು ಎಲ್ಲರ ನೆನಪಿನಲ್ಲಿಯೂ ಇದೆ. ಅಲ್ಲಿಯ ಮಹಡಿಯೊಂದರಲ್ಲಿ ಸಣ್ಣದೊಂದು ಲಿನಕ್ಸ್ ಯಂತ್ರವನ್ನು ನೋಡಿಕೊಳ್ಳುವ ಹಿರಿಯರೊಬ್ಬರು, ತೊಟ್ಟಿಯ ನೀರನ್ನು ಹಂಚುವುದರಲ್ಲಿ ಎಷ್ಟು ನಿಷ್ಠುರರೋ ಯಂತ್ರದ ಶಕ್ತಿಯನ್ನು ಹಂಚುವುದರಲ್ಲಿಯೂ ಅಷ್ಟೇ ನಿಷ್ಠುರರು.

ಆ ಯಂತ್ರದಲ್ಲಿ ಹಳೆಯ ಕನ್ನಡ ಪುಸ್ತಕಗಳ ಚಿತ್ರಪ್ರತಿಗಳಿವೆ. ಹತ್ತಾರು ಮಿತ್ರರು ಅದರಲ್ಲಿ ಕೆಲಸಮಾಡುತ್ತಾರೆ. ಉತ್ಸಾಹಿ ತರುಣನೊಬ್ಬನು ಬರೆದ ಪ್ರೋಗ್ರಾಮು ಒಂದು ರಾತ್ರಿ ತನ್ನಂಥವೇ ಮರಿಗಳನ್ನು ಹೆತ್ತು ಹೆತ್ತು, ಉಳಿದವರಿಗೆ ಕಾಲೂರಲು ಸ್ಥಳವಿಲ್ಲದಂತೆ ಮಾಡಿತು. ಮರುದಿನವೇ ಹಿರಿಯರು ಲಿಮಿಟ್ಸ್.ಕಾನ್ಫ್ ಎಂಬ ಕಡತದಲ್ಲಿ, ಒಬ್ಬೊಬ್ಬರಿಗೂ ಇಷ್ಟೇ ಪ್ರಕ್ರಿಯೆಗಳು, ಒಂದೊಂದು ಪ್ರಕ್ರಿಯೆಗೂ ಇಷ್ಟೇ ತೆರೆದ ಕಡತಗಳು ಎಂದು ಬರೆದಿಟ್ಟರು. ಈ ಮಿತಿಗಳು ಎರಡು ಬಗೆ. ಸಾಫ್ಟ್ ಮಿತಿಯನ್ನು ಬಳಕೆದಾರನು ತಾನೇ ಹಿಗ್ಗಿಸಿಕೊಳ್ಳಬಹುದು, ಆದರೆ ಹಾರ್ಡ್ ಮಿತಿಯವರೆಗೆ ಮಾತ್ರ. ಹಾರ್ಡ್ ಮಿತಿಯನ್ನು ತಗ್ಗಿಸಿಕೊಳ್ಳುವ ಸ್ವಾತಂತ್ರ್ಯವೂ ಅವನಿಗುಂಟು. ಒಮ್ಮೆ ತಗ್ಗಿಸಿದ ಪ್ರಕ್ರಿಯೆಗೂ ಅದರ ಸಂತತಿಗೂ ಮತ್ತೆ ಏರಿಸಿಕೊಳ್ಳುವ ಅಧಿಕಾರವಿಲ್ಲ. ವ್ರತ ಹಿಡಿದವರ ಪಾಡೇ ಸರಿ.

ಕೆಲವು ತಿಂಗಳಲ್ಲಿ ಓದುಗರು ಹೆಚ್ಚಿದರು. ಸಂಜೆಯಾಗುತ್ತಲೇ, ಪುಸ್ತಕಗಳನ್ನು ಎತ್ತಿಕೊಡುವ ಸರ್ವಿಸು 'ಟೂ ಮೆನಿ ಓಪನ್ ಫೈಲ್ಸ್' ಎಂದು ಕೈಚೆಲ್ಲತೊಡಗಿತು. ದೂರದೂರಿನಲ್ಲಿ ಸಂಶೋಧನ ಪ್ರಬಂಧವನ್ನು ಬರೆಯುತ್ತಿದ್ದ ಹೆಣ್ಣುಮಗಳೊಬ್ಬಳು ಮೂರು ಸಂಜೆ ಬರಿಗೈಯಲ್ಲಿ ಹಿಂದಿರುಗಿದಳು. ಹಿರಿಯರು ಕಡತದಲ್ಲಿದ್ದ 1024ನ್ನು 65536 ಎಂದು ತಿದ್ದಿದರು. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಿದರು. ತಾವು ಒಳಹೊಕ್ಕು ಯೂಲಿಮಿಟ್ ಆಜ್ಞೆಯಿಂದ ಕೇಳಿದರೆ 65536 ಎಂದೇ ಉತ್ತರ. ಆದರೂ ಸರ್ವಿಸು 1024ಕ್ಕೇ ಮುಗ್ಗರಿಸುತ್ತಿತ್ತು. ನಾಲ್ಕನೆಯ ರಾತ್ರಿ ಅವರು ನಿದ್ರೆ ಮಾಡಲಿಲ್ಲ.

ಸಂಗತಿಯಾದರೂ ಸರಳವಾದುದೇ. ಆ ಕಡತವು ಹೊಸ್ತಿಲಿನಲ್ಲಿ ತೂಗುಹಾಕಿದ ಪಟ್ಟಿ. ಪ್ಯಾಮ್ ಎಂಬ ದ್ವಾರಪಾಲಕನು ಬಾಗಿಲಿನಿಂದ ಒಳಬರುವವರಿಗೆ ಮಾತ್ರ ಅದನ್ನು ಓದಿ ಅನ್ವಯಿಸುತ್ತಾನೆ. ಯಂತ್ರವು ಎಚ್ಚರಗೊಳ್ಳುವಾಗಲೇ ಸಿಸ್ಟಮ್‌ಡಿಯ ಕೈಯಲ್ಲಿ ಹುಟ್ಟುವ ಸರ್ವಿಸು ಮನೆಯೊಳಗಿನ ಕೂಸು; ಬಾಗಿಲ ಪಟ್ಟಿ ಅದಕ್ಕೇಕೆ? ಅದರ ಮಿತಿಯನ್ನು ಅದರ ಸ್ವಂತ ಯೂನಿಟ್ ಕಡತದಲ್ಲಿಯೇ, ಲಿಮಿಟ್‌ನೋಫೈಲ್ ಎಂಬ ಸಾಲಿನಲ್ಲಿ ಬರೆಯಬೇಕು. ಇನ್ನು ಈ 1024 ಪುರಾತನ ಸಂಖ್ಯೆ. ಸೆಲೆಕ್ಟ್ ಎಂಬ ಹಳೆಯ ಕರೆಗೆ ಅದರಾಚೆಗೆ ಎಣಿಸಬಾರದು. ಆದುದರಿಂದಲೇ 2018ರಲ್ಲಿ ಸಿಸ್ಟಮ್‌ಡಿಯನ್ನು ರಚಿಸುವವರು ಹಾರ್ಡ್ ಮಿತಿಯನ್ನು 524288ಕ್ಕೆ ಏರಿಸಿದಾಗಲೂ ಸಾಫ್ಟ್ ಮಿತಿಯನ್ನು ಮುಟ್ಟದೆ ಬಿಟ್ಟರು.

ಒಂದೇ ಸಾಲನ್ನು ಬರೆದು ಹಿರಿಯರು ಸರ್ವಿಸನ್ನು ಮತ್ತೆ ನಡೆಸಿದರು. ಆ ಸಂಜೆ ಹೆಣ್ಣುಮಗಳಿಗೆ ಬೇಕಾದ ಪುಸ್ತಕವು ತೆರೆಯಿತು. ತರುಣನ ಮಿತಿಯನ್ನು ಮಾತ್ರ ಅವರು ಇನ್ನೂ ಏರಿಸಿಲ್ಲ.