ಮೂರು ಬೆರಳಿಗೆ ನಾಲ್ಕು ಕಾರ್ಡು

ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ, ಕೈ ಬಗ್ಗೆ. ಮೇವು ಕತ್ತರಿಸೋ ಮಷೀನು, ಮಚ್ಚು, ಪಂಪ್‌ಸೆಟ್ಟಿನ ಬೆಲ್ಟು... ನಮ್ಮ ಕಡೆ ಯಾವ ಊರಿಗೆ ಹೋದರೂ ಮೊಂಡು ಬೆರಳಿನವರು ಒಬ್ಬಿಬ್ಬರು ಸಿಕ್ಕೇ ಸಿಗ್ತಾರೆ. ನಾನೂ ಒಬ್ಬ. ನಾಲ್ಕು ವರ್ಷದ ಹಿಂದೆ ಎಡಗೈಯ ಉಂಗುರದ ಬೆರಳು ಮೇವಿನ ಮಷೀನಿಗೆ ಸಿಕ್ಕಿ ಅರ್ಧಕ್ಕೆ ಹೋಯ್ತು.

ಗಾಯ ಮಾಯ್ತು, ಆದರೆ ಉಳಿದ ಬೆರಳೂ ಪೆಡಸಾದವು. ಹಾಲು ಕರೆಯೋಕೆ ಹಿಡಿತ ಸಿಗ್ತಿರಲಿಲ್ಲ. "ಬೆರಳು ಆಡಿಸ್ತಾ ಇರಿ, ಬಿಟ್ಟರೆ ಹಾಗೇ ಕೂತುಬಿಡ್ತವೆ" ಅಂದರು ಡಾಕ್ಟರು. ರಬ್ಬರ್ ಚೆಂಡು ಎಷ್ಟು ದಿನ ಅಂತ ಹಿಸುಕೋದು ಹೇಳಿ? ಮದುವೆ ಮನೆಗೆ ಹೋದರೆ ಎಡಗೈ ಟವೆಲಿನ ಕೆಳಗೇ ಇರ್ತಿತ್ತು. ಆಗ ಅಕ್ಕನ ಮಗ ತನ್ನ ಹಳೇ ಗಿಟಾರು ತಂದುಕೊಟ್ಟು, "ಮಾವ, ಚೆಂಡಿಗಿಂತ ಇದು ವಾಸಿ, ನೋಡಿ" ಅಂದ.

ಬೆರಳಿಲ್ಲದ ಕೈಗೆ ಗಿಟಾರಾ ಅಂತ ನಕ್ಕವರು ಇದ್ದರು. ಫ್ರಾನ್ಸಿನಲ್ಲಿ ಜಾಂಗೋ ರೈನ್‌ಹಾರ್ಟ್ ಅಂತ ಒಬ್ಬರಿದ್ದರು. 1928ರಲ್ಲಿ ಅವರ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಸೊಟ್ಟಗಾದವು. ಹೆಚ್ಚಾಗಿ ಉಳಿದ ಎರಡು ಬೆರಳಲ್ಲೇ ನುಡಿಸಿ ಹೆಸರಾದರು. ಇಂಗ್ಲೆಂಡಿನ ಟೋನಿ ಅಯೋಮಿ ಕಾರ್ಖಾನೆ ಮಷೀನಿಗೆ ಎರಡು ಬೆರಳ ತುದಿ ಕಳಕೊಂಡು, ಪ್ಲಾಸ್ಟಿಕ್ ಕರಗಿಸಿ ತುದಿ ಮಾಡಿಕೊಂಡು ನುಡಿಸಿದವರು. ಅವರ ಮಟ್ಟ ನಮಗೆ ಬೇಡ. ನಾಲ್ಕು ಹಾಡಿಗೆ ಆಗೋಷ್ಟು ಸಾಕು.

ಈಗ ವಿಷಯಕ್ಕೆ ಬರ್ತೀನಿ. ಹೊಂದಿಕೊಳ್ಳೋ ಮೂರ್ನಾಲ್ಕು ಸ್ವರ ಒಟ್ಟಿಗೆ ನುಡಿದರೆ ಅದೇ ಕಾರ್ಡು. ಒಂದು ಕಾರ್ಡು ಹಿಡಿಯೋದು ವಾರದಲ್ಲಿ ಬರುತ್ತೆ. ಕಷ್ಟ ಇರೋದು ಒಂದರಿಂದ ಇನ್ನೊಂದಕ್ಕೆ ದಾಟೋದರಲ್ಲಿ. ಎಲ್ಲಾ ಬೆರಳು ಎತ್ತಿ ಹೊಸದಾಗಿ ಜಾಗ ಹುಡುಕೋಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತೆ. ಅದಕ್ಕೆ ಯಾವ ಬೆರಳು ಎತ್ತಬೇಕು ಅನ್ನೋದಕ್ಕಿಂತ, ಯಾವ ಬೆರಳು ಎತ್ತಬಾರದು ಅಂತ ಮೊದಲು ನೋಡಿಕೊಳ್ಳಬೇಕು.

ಉಂಗುರದ ಬೆರಳು ಬೇಡದ ನಾಲ್ಕು ಕಾರ್ಡು ಹೇಳ್ತೀನಿ. ಮೇಲಿನ ದಪ್ಪ ತಂತಿ 6, ಕೆಳಗಿನ ಸಣ್ಣ ತಂತಿ 1. ಫ್ರೆಟ್ ಪಟ್ಟಿಗಳ ನಡುವಿನ ಜಾಗಕ್ಕೆ ಮನೆ ಅಂತೀನಿ, ಗಿಟಾರಿನ ತಲೆ ಕಡೆಯಿಂದ ಎಣಿಸಿ.

ಇ ಮೈನರ್: 5ನೇ ತಂತಿ 2ನೇ ಮನೇಲಿ ತೋರುಬೆರಳು, 4ನೇ ತಂತಿ 2ನೇ ಮನೇಲಿ ನಡುಬೆರಳು. ಆರೂ ತಂತಿ ಮೀಟಿ.

ಎ ಮೈನರ್ ಸೆವೆನ್: ನಡುಬೆರಳು ಅಲ್ಲೇ ಇರಲಿ. ತೋರುಬೆರಳು ಮಾತ್ರ 2ನೇ ತಂತಿಯ 1ನೇ ಮನೆಗೆ. 5ನೇ ತಂತಿಯಿಂದ ಕೆಳಕ್ಕೆ ಮೀಟಿ.

ಡಿ ಸೆವೆನ್: ಈಗ ತೋರುಬೆರಳು ಕದಲಬಾರದು. ನಡುಬೆರಳು 3ನೇ ತಂತಿಯ 2ನೇ ಮನೆಗೆ, ಕಿರುಬೆರಳು 1ನೇ ತಂತಿಯ 2ನೇ ಮನೆಗೆ. 4ನೇ ತಂತಿಯಿಂದ ಕೆಳಕ್ಕೆ ಮೀಟಿ.

ಜಿ: ಕಿರುಬೆರಳು ಎತ್ತದೆ ಅದೇ ತಂತಿ ಮೇಲೆ 3ನೇ ಮನೆಗೆ ಜಾರಿಸಿ. ನಡುಬೆರಳು 6ನೇ ತಂತಿಯ 3ನೇ ಮನೆ, ತೋರುಬೆರಳು 5ನೇ ತಂತಿಯ 2ನೇ ಮನೆ. ಆರೂ ತಂತಿ ಮೀಟಿ.

ಜಿಯಿಂದ ಮತ್ತೆ ಇ ಮೈನರಿಗೆ ಬರೋವಾಗ ತೋರುಬೆರಳು ಇದ್ದಲ್ಲೇ ಇರುತ್ತೆ, ನಡುಬೆರಳು 4ನೇ ತಂತಿಗೆ ಇಳಿಯುತ್ತೆ, ಕಿರುಬೆರಳು ಏಳುತ್ತೆ. ನೋಡಿ, ಒಂದು ಸುತ್ತು ಬಂದರೂ ಪ್ರತಿ ಸಲ ಒಂದು ಬೆರಳು ತಂತಿ ಬಿಡೋದೇ ಇಲ್ಲ. ಆ ಬೆರಳನ್ನು ನಂಬಿಕೊಂಡು ಉಳಿದವು ತಮ್ಮ ಜಾಗ ಹುಡುಕಿಕೊಳ್ತವೆ.

ಅಭ್ಯಾಸಕ್ಕೆ ಗಂಟೆಗಟ್ಟಲೆ ಬೇಡ. ಎರಡೇ ಕಾರ್ಡು ತಗೊಳ್ಳಿ, ಮೊಬೈಲಲ್ಲಿ ಒಂದು ನಿಮಿಷ ಇಟ್ಟುಕೊಂಡು ಎಷ್ಟು ಸಲ ದಾಟಿದಿರಿ ಅಂತ ಎಣಿಸಿ. ನನಗೆ ಮೊದಲ ದಿನ 5 ಸಲ ಆಯ್ತು, ಎರಡು ತಿಂಗಳಿಗೆ 30 ಮುಟ್ಟಿತು. ಮೊದಮೊದಲು ಮೀಟಲೇಬೇಡಿ, ಬೆರಳು ದಾರಿ ಕಲಿಯಲಿ. ಪಾತ್ರೆ ತೊಳೆದು, ಹಾಲು ಕರೆದು ಬಂದ ತಕ್ಷಣ ಕೂರಬೇಡಿ. ಒದ್ದೆ ಚರ್ಮ ಮೆತ್ತಗಿರುತ್ತೆ, ತಂತಿ ಕೊಯ್ಯುತ್ತೆ. ಗುದ್ದಲಿ ಹಿಡಿದು ಅಂಗೈ ಗಟ್ಟಿಯಾಗಿದ್ದರೂ ಬೆರಳ ತುದಿ ಗಟ್ಟಿಯಾಗೋಕೆ ಬೇರೆ ಮೂರ್ನಾಲ್ಕು ವಾರ ಬೇಕು. ತೆಳು ತಂತಿ ಹಾಕಿಸಿದರೆ ನೋವು ಕಮ್ಮಿ. ನುಡಿಸಿದ ಮೇಲೆ ಬೆವರು ಒರೆಸಿಡಿ, ಇಲ್ಲದಿದ್ದರೆ ತಂತಿ ತುಕ್ಕು ಹಿಡಿಯುತ್ತೆ.

ಅಮ್ಮನ ಸೋಬಾನೆ ಪದಕ್ಕೆ ಈ ಕಾರ್ಡುಗಳು ಸರಿಯಾಗಿ ಕೂರಲ್ಲ, ಆ ದಾಟಿಯೇ ಬೇರೆ. ಸರಳವಾದ ಕೆಲವು ಸಿನಿಮಾ ಹಾಡಿಗೆ ಕೂರ್ತವೆ. ಶ್ರುತಿ ಏರಿಸೋಕೆ ಕ್ಯಾಪೋ ಅಂತ ಒಂದು ಕ್ಲಿಪ್ಪು ಸಿಗುತ್ತೆ, ಅದನ್ನ ಹಾಕಿದರೆ ಇದೇ ಬೆರಳಲ್ಲೇ ಅಮ್ಮನ ದನಿಗೂ ನುಡಿಸಬಹುದು.

ಗಿಟಾರು ಔಷಧಿ ಅಂತ ನಾನು ಹೇಳಲ್ಲ. ಗಾಯ ಪೂರ್ತಿ ಮಾಯದೆ, ಡಾಕ್ಟರನ್ನ ಕೇಳದೆ ಯಾರೂ ತಂತಿ ಮುಟ್ಟಬೇಡಿ. ನನ್ನ ಮಟ್ಟಿಗೆ ಹೇಳಬೇಕಂದ್ರೆ, ಈಗ ಎರಡೂ ಕೈಯಲ್ಲಿ ಹಾಲು ಕರೀತೀನಿ. ಹೋದ ತಿಂಗಳು ನೆಂಟರ ಮನೆ ನಾಮಕರಣದಲ್ಲಿ ಎಲ್ಲರ ಎದುರು ಕೂತು ನುಡಿಸಿದೆ. ಎಡಗೈ ಎಲ್ಲರಿಗೂ ಕಾಣ್ತಿತ್ತು. ಒಂದು ಮಗು ಹತ್ತಿರ ಬಂದು ಮೊಂಡು ಬೆರಳು ಮುಟ್ಟಿ ನೋಡಿ, "ಇನ್ನೊಂದು ಹಾಡು" ಅಂತು.

ನಿಮ್ಮ ಕಡೆ ಬೆರಳು ಹೋಗಿ ಮೂಲೆ ಹಿಡಿದವರಿದ್ದರೆ ಭಾನುವಾರ ಸಂಜೆ ತೋಟದ ಮನೆಗೆ ಕರ್ಕೊಂಡು ಬನ್ನಿ. ಯಾವ ಬೆರಳು ಇಲ್ಲ ಅಂತ ಆಮೇಲೆ ನೋಡೋಣ, ಯಾವುದು ಉಳಿದಿದೆ ಅಂತ ಮೊದಲು ನೋಡೋಣ.