ಹಿಡಿತ ಬೇರೆ, ಹತೋಟಿ ಬೇರೆ

ಮೆಕ್ಯಾನಿಕಲ್ ಹುಡುಗರಿಗೆ ಕಾರು ಅಂದ್ರೆ ಮೊದಲು ನೆನಪಾಗೋದು ಎಂಜಿನ್. ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ ಮೆಸ್ಸಿನಲ್ಲಿ ಇಡ್ಲಿ ಆರಿಹೋಗುವ ತನಕ ಚರ್ಚೆ ಮಾಡ್ತೀವಿ. ಟೈರ್ ನೆನಪಾಗೋದು ಪಂಕ್ಚರ್ ಆದಾಗ ಮಾತ್ರ. ಆದರೆ ಎಂಜಿನ್ ಎಷ್ಟೇ ಎಳೆಯಲಿ, ಬ್ರೇಕ್ ಎಷ್ಟೇ ಹಿಡಿಯಲಿ, ಎಲ್ಲವೂ ಕೊನೆಗೆ ರಸ್ತೆಗೆ ತಲುಪುವುದು ನಾಲ್ಕು ರಬ್ಬರ್ ತುಂಡುಗಳ ಮೂಲಕವೇ. ಇದು ನಮಗೆ ಸರಿಯಾಗಿ ಮನದಟ್ಟಾದದ್ದು ಒಂದು ಹಳೇ ಎಂಜಿಬಿ ಕಾರಿಗೆ ಟೈರ್ ಆರಿಸುವ ಕೆಲಸ ನಮ್ಮ ಪಾಲಿಗೆ ಬಂದಾಗ.

ನಮ್ಮ ನಾಲ್ವರ ಗುಂಪಿನಲ್ಲಿ ಒಬ್ಬನ ಚಿಕ್ಕಪ್ಪ ಇಂಗ್ಲೆಂಡಿನಲ್ಲಿದ್ದಾರೆ. ಅವರು 1972ರ ಎಂಜಿಬಿ ಕೊಂಡಿದ್ದರು. 1962ರಿಂದ 1980ರವರೆಗೆ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾದ, ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಸ್ಪೋರ್ಟ್ಸ್ ಕಾರು ಅದು. ಎಂಜಿನ್ 1798 ಸಿಸಿ. ಹಿಂದೆ ಲಾರಿಗಳಲ್ಲಿ ನೋಡ್ತೀವಲ್ಲ, ಅಂಥದ್ದೇ ಲೀಫ್ ಸ್ಪ್ರಿಂಗ್. ಪವರ್ ಸ್ಟೀರಿಂಗ್ ಇಲ್ಲ. ಚಿಕ್ಕಪ್ಪನ ದೂರು ಇಷ್ಟು: "ತಿರುವಿನಲ್ಲಿ ಗಾಡಿ ಯಾಕೋ ಮಾತು ಕೇಳಲ್ಲ ಕಣ್ರೋ. ಮಳೆ ಬಂದ್ರೆ ಇನ್ನೂ ಭಯ. ಅಗಲದ ಟೈರ್ ಹಾಕಿಸಿಬಿಡೋಣ ಅಂತಿದೀನಿ. ನೋಡೋಕೂ ಚೆನ್ನಾಗಿರುತ್ತೆ. ನೀವು ಓದ್ತಿರೋರು, ಯಾವ ಸೈಜ್ ಅಂತ ಹೇಳಿ."

ನಾವು ಮೊದಲು ಕೇಳಿದ್ದು ಈಗಿರುವ ಟೈರುಗಳ ಫೋಟೋ. ಬಟನ್ ಚೆನ್ನಾಗಿಯೇ ಇತ್ತು, ಸವೆದೇ ಇಲ್ಲ ಅನ್ನಬಹುದು. ಆದರೆ ಪಕ್ಕದ ಗೋಡೆಯ ಮೇಲೆ 3110 ಎಂಬ ನಾಲ್ಕು ಅಂಕಿಗಳಿದ್ದವು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದರೆ 2010ರ 31ನೇ ವಾರದಲ್ಲಿ ತಯಾರಾದ ಟೈರು. ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ, ಬಿಸಿಲು, ಬಿಸಿ ಎಲ್ಲ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಗಟ್ಟಿಯಾದ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಕೂರುವುದಿಲ್ಲ. ಒದ್ದೆ ರಸ್ತೆಯಲ್ಲಂತೂ ಕೇಳಲೇಬೇಡಿ. ಚಿಕ್ಕಪ್ಪನಿಗೆ ಉಗುರಿನಿಂದ ಒತ್ತಿ ನೋಡಿ ಅಂದೆವು. "ಹಲಗೆ ಒತ್ತಿದ ಹಾಗಿದೆ" ಅಂದರು.

ಇಲ್ಲಿ ಭಯ ಹುಟ್ಟಿಸುವ ಇನ್ನೊಂದು ವಿಷಯವಿದೆ. ಬ್ರಿಟನ್ನಿನಲ್ಲಿ 2018ರಿಂದ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಕಾನೂನು ಕೇಳುವ ಬಟನ್ ಆಳ 1.6 ಮಿ.ಮೀ., ಅದು ಈ ಟೈರಿನಲ್ಲಿ ಧಾರಾಳವಾಗಿತ್ತು. ಅಂದರೆ "ಇದು ಅಪಾಯ" ಅಂತ ಹೇಳುವವರು ಯಾರೂ ಇಲ್ಲ. ಆ ಕಾರಿನ ಎರಡನೇ ಸೀಟಿನಲ್ಲಿ ಭಾನುವಾರ ಕೂರುತ್ತಿದ್ದದ್ದು ಅವರ ಹದಿಮೂರು ವರ್ಷದ ಮಗಳು. ಅಲ್ಲಿಂದ ಮುಂದೆ ನಮಗೆ ಇದು ಅಸೈನ್‌ಮೆಂಟಿನ ಲೆಕ್ಕ ಅನ್ನಿಸಲಿಲ್ಲ. "ಚಿಕ್ಕಪ್ಪ, ಸೈಜ್ ಆಮೇಲೆ ನೋಡೋಣ. ಹೊಸ ಟೈರ್ ಬರೋ ತನಕ ಗಾಡಿ ತೆಗೀಬೇಡಿ" ಅಂತ ಒಂದೇ ಮಾತು ಹೇಳಿದೆವು.

ಆಮೇಲೆ ಸೈಜಿನ ವಾದ ಶುರುವಾಯ್ತು. ಅಗಲದ ಟೈರ್ ಅಂದ್ರೆ ನೆಲಕ್ಕೆ ಹೆಚ್ಚು ಜಾಗ ತಾಗುತ್ತೆ ಅನ್ನೋದು ಎಲ್ಲರ ನಂಬಿಕೆ. ಲೆಕ್ಕ ಹಾಕಿ ನೋಡಿ. ಇಬ್ಬರು ಕೂತ ಎಂಜಿಬಿ ಸುಮಾರು 1,080 ಕೆಜಿ, ಒಂದು ಚಕ್ರಕ್ಕೆ 270 ಕೆಜಿ. ಟೈರಿನ ಗಾಳಿ 24 ಪಿಎಸ್‌ಐ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಸುಮಾರು 160 ಚದರ ಸೆಂ.ಮೀ. ಬರುತ್ತದೆ. ಅಂದರೆ ಬೆರಳು ಸೇರಿಸಿ ಒಂದು ಕೈಯಷ್ಟು ಜಾಗ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲೇ ಇಲ್ಲ! ಟೈರಿನ ಗೋಡೆಯ ಬಿಗಿತದಿಂದ ಉತ್ತರ ಸ್ವಲ್ಪ ಬದಲಾಗಬಹುದು, ಆದರೆ ಮುಖ್ಯ ಮಾತು ಇದು: ಅದೇ ಗಾಳಿಗೆ ಅಗಲದ ಟೈರ್ ಹಾಕಿದರೆ ಆ ಜಾಗದ ಆಕಾರ ಅಗಲವಾಗಿ ಗಿಡ್ಡವಾಗುತ್ತದೆಯೇ ಹೊರತು ಜಾಗ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆಕಾರ ಬದಲಾದರೆ ತಿರುವಿನಲ್ಲಿ ಲಾಭವಿದೆ, ನಿಜ. ಆದರೆ ಅದನ್ನು ಬಳಸಿಕೊಳ್ಳಲು ರಿಮ್ಮೂ ಸಸ್ಪೆನ್ಷನ್ನೂ ಹೊಂದಬೇಕು.

ಚಿಕ್ಕಪ್ಪನ ಕಾರಿನದು ಕಡ್ಡಿಗಳ ವೈರ್ ವೀಲ್, 14 ಇಂಚು ವ್ಯಾಸ, 4.5 ಇಂಚು ಅಗಲ. ಅವರು ಬಯಸಿದ್ದು 185/70 ಆರ್14. ವ್ಯಾಸದ ಲೆಕ್ಕದಲ್ಲಿ ತೊಂದರೆಯಿಲ್ಲ: 165/80 ಆರ್14ರದು 620 ಮಿ.ಮೀ., ಇದರದು 615. ಸ್ಪೀಡೋಮೀಟರಿಗೆ ಗೊತ್ತೇ ಆಗಲ್ಲ. ಆದರೆ ಇಷ್ಟು ಕಿರಿದಾದ ರಿಮ್ಮಿಗೆ 185 ಹಾಕಿದರೆ ಟೈರಿನ ಗೋಡೆಗಳು ಒಳಕ್ಕೆ ಎಳೆದುಕೊಂಡು ನಿಲ್ಲುತ್ತವೆ. ಸ್ಟೀರಿಂಗ್ ತಿರುಗಿಸಿದರೆ ಮೊದಲು ಗೋಡೆ ಓಲಾಡುತ್ತದೆ, ಆಮೇಲೆ ಕಾರು ತಿರುಗುತ್ತದೆ. ಮಾತು ಕೇಳದ ಗಾಡಿ ಇನ್ನಷ್ಟು ಕಿವುಡಾದಂತೆ! ಪವರ್ ಸ್ಟೀರಿಂಗ್ ಇಲ್ಲದ್ದರಿಂದ ಪಾರ್ಕ್ ಮಾಡುವಾಗ ರಟ್ಟೆಯೂ ನೋಯುತ್ತದೆ. ಜೊತೆಗೆ ಎಂಜಿಬಿಯ ಹಿಂದಿನ ಆಕ್ಸೆಲ್ ತಿರುವಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುವುದರಿಂದ ಅಗಲದ ಟೈರ್ ಮಡ್‌ಗಾರ್ಡಿನ ಒಳ ಅಂಚಿಗೆ ಉಜ್ಜುವುದೂ ಉಂಟು.

ಈ ಕಾರು 1962ರಲ್ಲಿ ಬಂದಾಗ ಇದ್ದದ್ದು ಕ್ರಾಸ್‌ಪ್ಲೈ ಟೈರ್, ಸೈಜು 5.60-14. ಆಮೇಲೆ ರೇಡಿಯಲ್ ಬಂತು. ರೇಡಿಯಲ್ಲಿನಲ್ಲಿ ಗೋಡೆ ಮೃದು, ಮೇಲ್ಪಟ್ಟಿ ಬಿಗಿ. ತಿರುವಿನಲ್ಲಿ ಗೋಡೆ ಬಾಗಿದರೂ ಪಟ್ಟಿ ನೆಲ ಬಿಡುವುದಿಲ್ಲ. ಆ ಕಾಲದ ಸಸ್ಪೆನ್ಷನ್ ಹೊಂದಿಸಿದ್ದು ಇಂಥ ಕಿರಿದಾದ, ಎತ್ತರದ ಗೋಡೆಯ ಟೈರುಗಳಿಗೇ. ಅವು ಜಾರುವ ಮೊದಲು ತಿಳಿಸುತ್ತವೆ. ಸ್ಟೀರಿಂಗ್ ನಿಧಾನವಾಗಿ ಹಗುರಾಗುತ್ತದೆ, ಚಾಲಕನಿಗೆ ಕಾಲು ಸಡಿಲಿಸಲು ಸಮಯ ಸಿಗುತ್ತದೆ. ಒಂದೇ ಸಮ ಹಿಡಿದುಕೊಂಡಿದ್ದು ಥಟ್ಟನೆ ಕೈಬಿಡುವ ಟೈರಿಗಿಂತ, ಸ್ವಲ್ಪ ಕಡಿಮೆ ಹಿಡಿದರೂ ಹೇಳಿ ಬಿಡುವ ಟೈರ್ ಇಂಥ ಕಾರಿಗೆ ವಾಸಿ. ಹಿಡಿತ ಬೇರೆ, ಹತೋಟಿ ಬೇರೆ ಅಂತ ನಾವು ಹೇಳೋದು ಇದಕ್ಕೇ.

ಹಾಗಾಗಿ ನಮ್ಮ ತೀರ್ಮಾನ 165/80 ಆರ್14. ತಮಾಷೆ ಏನಂದ್ರೆ ಇದು ನಮ್ಮೂರ ರಸ್ತೆಗಳಲ್ಲಿ ಓಡಾಡುವ ಡಿಸೈರ್ ಕಾರಿನ ಕೆಳಗಿನ ಮಾಡೆಲ್ಲಿನ ಸೈಜೇ. "ಸ್ಪೋರ್ಟ್ಸ್ ಕಾರಿಗೆ ಟ್ಯಾಕ್ಸಿ ಟೈರಾ?" ಅಂತ ಚಿಕ್ಕಪ್ಪ ಮುಖ ಸಣ್ಣ ಮಾಡಿಕೊಂಡರು. ಅಲ್ಲ ಚಿಕ್ಕಪ್ಪ, ಸೈಜ್ ಒಂದೇ ಆದರೂ ರಬ್ಬರ್, ವೇಗದ ಮಿತಿ, ಒದ್ದೆ ರಸ್ತೆಯ ಗುಣ ಬೇರೆ ಬೇರೆ ಇರುತ್ತೆ ಅಂತ ವಿವರಿಸಿದೆವು. ಗಂಟೆಗೆ 210 ಕಿ.ಮೀ. ತಾಳುವ ಎಚ್ ಗುರುತಿನದು, ಕೆಲವೇ ತಿಂಗಳ ಹಿಂದೆ ತಯಾರಾದದ್ದು, ನಾಲ್ಕೂ ಒಂದೇ ಕಂಪನಿಯದು, ವೈರ್ ವೀಲ್ ಆದ್ದರಿಂದ ಒಳಗೆ ಹೊಸ ಟ್ಯೂಬ್: ಇಷ್ಟು ಚೀಟಿ ಬರೆದುಕೊಟ್ಟೆವು. ಹಿಂದಿನ ಚಕ್ರಗಳಿಗೆ ಮುಂದಿನವಕ್ಕಿಂತ ಎರಡು-ಮೂರು ಪಿಎಸ್‌ಐ ಹೆಚ್ಚು ಗಾಳಿ ಇಡಿ, ಆಗ ತಿರುವಿನಲ್ಲಿ ಹಿಂಭಾಗ ಸ್ಥಿರವಾಗಿರುತ್ತದೆ ಅಂತಲೂ ಸೇರಿಸಿದೆವು.

ಟೈರ್ ಹಾಕಿಸಿದ ವಾರವೇ ಅಲ್ಲಿ ಮಳೆ. ಚಿಕ್ಕಪ್ಪ ಒಂದು ಸುತ್ತು ಹೋಗಿ ಬಂದು ಫೋನ್ ಮಾಡಿದರು. ಎಂಜಿನ್ ಬಗ್ಗೆ ಒಂದು ಮಾತಿಲ್ಲ. "ಗಾಡಿ ಏನು ಮಾಡುತ್ತೆ ಅಂತ ಈಗ ಮೊದಲೇ ಕೈಗೆ ಗೊತ್ತಾಗುತ್ತೆ ಕಣ್ರಪ್ಪಾ" ಅಂದರು. ಹಳೆಯ ನಾಲ್ಕು ಟೈರುಗಳನ್ನು ಯಾರಿಗೂ ಮಾರಬೇಡಿ ಅಂತ ನಾವು ಹೇಳುವ ಮೊದಲೇ ಅವುಗಳ ಗೋಡೆ ಕೊಯ್ದು ಹಾಕಿದ್ದರು.

ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ. ರಜೆಗೆ ಊರಿಗೆ ಹೋದಾಗ ಅಪ್ಪನ ಕಾರಿನ ಟೈರಿನ ಪಕ್ಕ ಬಗ್ಗಿ ಕೂತು ಆ ನಾಲ್ಕು ಅಂಕಿ ಹುಡುಕಿ.